ದೊಡ್ಡ ಮಿದುಳಿನ ಸಾಲ ತೀರಿಸಿದವರು ಯಾರು?

ಐದು ವರ್ಷದ ಮಗುವಿನ ಮಿದುಳಿನಿಂದ ಮಾತು ಶುರು ಮಾಡುತ್ತೇನೆ. ದೊಡ್ಡವರಲ್ಲಿ ಮಿದುಳಿನ ತೂಕ ದೇಹದ ತೂಕದ ನೂರಕ್ಕೆ 2 ಪಾಲು ಮಾತ್ರ. ಆದರೆ ಸುಮ್ಮನೆ ಮಲಗಿರುವಾಗ ದೇಹ ಸುಡುವ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಹೋಗುತ್ತದೆ. ಐದರ ಆಸುಪಾಸಿನ ಮಕ್ಕಳಲ್ಲಿ ಲೆಕ್ಕ ಇನ್ನೂ ವಿಪರೀತ. ಕ್ರಿಸ್ಟೊಫರ್ ಕುಜಾವಾ ಮತ್ತು ಸಂಗಡಿಗರು ಮಿದುಳಿನ ಗ್ಲೂಕೋಸ್ ಬಳಕೆಯ ಅಳತೆಗಳನ್ನು 2014ರಲ್ಲಿ ವಯಸ್ಸಿನ ಪ್ರಕಾರ ಜೋಡಿಸಿದಾಗ ಒಂದು ಸಂಗತಿ ಕಂಡಿತು: ಈ ವಯಸ್ಸಿನಲ್ಲಿ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಿದುಳೊಂದೇ ನುಂಗುತ್ತದೆ. ಆಟ, ಓಟ ಎಲ್ಲ ಸೇರಿದ ಇಡೀ ದಿನದ ಖರ್ಚಿನಲ್ಲೂ ಅದರ ಪಾಲು ನೂರಕ್ಕೆ 43. ಮಿದುಳಿನ ಹಸಿವು ಹೆಚ್ಚಿದಂತೆ ಮೈಯ ಬೆಳವಣಿಗೆ ನಿಧಾನವಾಗುತ್ತದೆ. ಮಿದುಳು ಅತಿ ಹೆಚ್ಚು ತಿನ್ನುವ ವಯಸ್ಸಿನಲ್ಲೇ ಮಗು ಅತಿ ನಿಧಾನವಾಗಿ ಬೆಳೆಯುತ್ತದೆ.

ಈ ಮಗು ತನ್ನ ಊಟವನ್ನು ತಾನು ಸಂಪಾದಿಸುವುದಿಲ್ಲ. ದಿನಕ್ಕೆ ಸರಾಸರಿ 2,000 ಕ್ಯಾಲೊರಿ ಎಂದು ಹಿಡಿದರೂ 18 ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಕ್ಯಾಲೊರಿ ಆಗುತ್ತದೆ. ಚಿಂಪಾಂಜಿ ಮರಿ ಐದರ ಹೊತ್ತಿಗೆ ತಾಯಿಯ ಹಾಲು ಬಿಟ್ಟು ಬಹುಪಾಲು ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುತ್ತದೆ. ಮನುಷ್ಯನ ಮಗು ಆ ವಯಸ್ಸಿನಲ್ಲಿ ಇನ್ನೂ ತುತ್ತು ತಿನ್ನಿಸಿಕೊಳ್ಳುತ್ತಿರುತ್ತದೆ. ಅಂದರೆ ನಮ್ಮ ಮಿದುಳು ಸಾಲ ಮಾಡಿ ಕಟ್ಟಿದ ಮನೆ. ಸಾಲ ಕೊಟ್ಟವರು ಯಾರು, ಅದು ತೀರುವಷ್ಟು ಕಾಲ ಬದುಕಿದವರು ಯಾರು ಎಂದು ಕೇಳಿದರೆ ಮಾತು ತಾನಾಗಿ ಆಯುಸ್ಸಿನ ಕಡೆಗೆ ತಿರುಗುತ್ತದೆ.

ದೀರ್ಘಾಯುಸ್ಸೇ ಮನುಷ್ಯನ ಬುದ್ಧಿಗೆ ಕಾರಣವೇ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿಯ ಖರ್ಚನ್ನು ಆಯುಸ್ಸು ಹೊತ್ತಿತು ಎನ್ನುವಷ್ಟಕ್ಕೆ ಪುರಾವೆ ಗಟ್ಟಿಯಾಗಿದೆ. ಬುದ್ಧಿಯನ್ನು ಹುಟ್ಟಿಸಿದ್ದೇ ಆಯುಸ್ಸು ಎನ್ನಲು ಆ ಪುರಾವೆ ಸಾಲದು.

ಸರಾಸರಿಯಲ್ಲಿ ಅಡಗಿರುವ ಮೋಸ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. "ಹಿಂದಿನ ಕಾಲದವರು ಮೂವತ್ತಕ್ಕೇ ಸಾಯುತ್ತಿದ್ದರಲ್ಲ, ಇನ್ನು ದೀರ್ಘಾಯುಸ್ಸು ಎಲ್ಲಿಂದ ಬಂತು?" ಎಂದು ಬಹಳ ಜನ ಕೇಳುತ್ತಾರೆ. 1911ರಿಂದ 1921ರ ದಶಕದಲ್ಲಿ, ಇನ್‌ಫ್ಲುಯೆಂಜಾ ಹಾವಳಿಯೂ ಸೇರಿ, ಭಾರತದಲ್ಲಿ ಹುಟ್ಟಿದಾಗಿನ ನಿರೀಕ್ಷಿತ ಆಯುಸ್ಸು ಸುಮಾರು 20 ವರ್ಷವಿತ್ತು. ಹಾಗೆಂದು ಆಗಿನ ಜನ ಇಪ್ಪತ್ತಕ್ಕೇ ಮುದುಕರಾಗುತ್ತಿರಲಿಲ್ಲ. ಎಪ್ಪತ್ತರ ಅಜ್ಜಿಯರು ಆಗಲೂ ಊರೂರಲ್ಲಿ ಇದ್ದರು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನೂರು ಮಕ್ಕಳು ಹುಟ್ಟುತ್ತಾರೆ. ನಲವತ್ತು ಮಕ್ಕಳು ಸರಾಸರಿ 2 ವರ್ಷಕ್ಕೆ ತೀರಿಕೊಳ್ಳುತ್ತಾರೆ, ಉಳಿದ ಅರವತ್ತು ಮಂದಿ ಸರಾಸರಿ 55ರವರೆಗೆ ಬದುಕುತ್ತಾರೆ. ಎಲ್ಲ ಕೂಡಿಸಿ ಭಾಗಿಸಿದರೆ ಸರಾಸರಿ 34ಕ್ಕೂ ಕಡಿಮೆ ಬರುತ್ತದೆ. ಆ 34ನೆಯ ವಯಸ್ಸಿನಲ್ಲಿ ಸಾಯುವವರು ಬಹಳ ಕಡಿಮೆ. ಮೈಕಲ್ ಗರ್ವನ್ ಮತ್ತು ಹಿಲಾರ್ಡ್ ಕ್ಯಾಪ್ಲನ್ 2007ರಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಸಮುದಾಯಗಳ ಜನನ-ಮರಣ ದಾಖಲೆಗಳನ್ನು ಒಟ್ಟುಗೂಡಿಸಿದರು. ಹುಟ್ಟಿದಾಗಿನ ನಿರೀಕ್ಷಿತ ಆಯುಸ್ಸು 21ರಿಂದ 37 ವರ್ಷದ ನಡುವೆ ಇತ್ತು. ಆದರೆ 45 ಮುಟ್ಟಿದವರಿಗೆ ಮುಂದೆ ಇನ್ನೂ ಸುಮಾರು 20 ವರ್ಷ ಉಳಿದಿರುತ್ತಿತ್ತು, ಮತ್ತು ದೊಡ್ಡವರಾದ ಮೇಲೆ ಅತಿ ಹೆಚ್ಚು ಸಾವುಗಳು ಬೀಳುವ ವಯಸ್ಸು 72ರ ಹತ್ತಿರ. ಆಸ್ಪತ್ರೆಯಿಲ್ಲ, ಲಸಿಕೆಯಿಲ್ಲ, ಆದರೂ ಎಪ್ಪತ್ತು! ಕಾಡಿನ ಚಿಂಪಾಂಜಿಗಳಲ್ಲಿ ನಲವತ್ತು ದಾಟುವುದು ಹುಟ್ಟಿದವುಗಳಲ್ಲಿ ನೂರಕ್ಕೆ ಹತ್ತರೊಳಗೆ.

ಹಾಗಾಗಿ ಈ ಚರ್ಚೆಯಲ್ಲಿ "ಆಯುಸ್ಸು" ಎಂದರೆ ನಮ್ಮ ದೇಹಕ್ಕೆ ವಿಕಾಸದಲ್ಲೇ ಬಂದ ಬಾಳಿಕೆ, ಔಷಧಿಗಳು ಉಳಿಸಿಕೊಟ್ಟ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ.

ಕ್ಯಾಲೊರಿಯ ಜಮಾ-ಖರ್ಚು

ಕ್ಯಾಪ್ಲನ್, ಕಿಮ್ ಹಿಲ್, ಜೇನ್ ಲಂಕಾಸ್ಟರ್ ಮತ್ತು ಮ್ಯಾಗ್ಡಲೀನಾ ಹುರ್ಟಾಡೊ 2000ದಲ್ಲಿ ಮುಂದಿಟ್ಟ ವಾದ ಸರಳ. ಆಹಾರ ಮೂರು ಬಗೆ. ಕಣ್ಣಿಗೆ ಕಂಡದ್ದನ್ನು ಕಿತ್ತು ತಿನ್ನುವ ಹಣ್ಣು, ಎಲೆ, ನೆಲ ಅಗೆದು, ಚಿಪ್ಪು ಒಡೆದು, ವಿಷ ತೆಗೆದು ತಿನ್ನಬೇಕಾದ ಗೆಡ್ಡೆ, ಕಾಯಿ, ಓಡಿಹೋಗುವ ಬೇಟೆ. ಚಿಂಪಾಂಜಿಯ ಊಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೊದಲನೆಯ ಬಗೆಯದು. ಮನುಷ್ಯನ ಊಟದ ಬಹುಭಾಗ ಎರಡನೆಯದು ಮತ್ತು ಮೂರನೆಯದು. ಈ ಆಹಾರದಲ್ಲಿ ಕೊಬ್ಬು, ಪ್ರೋಟೀನ್ ದಂಡಿಯಾಗಿವೆ, ಆದರೆ ಪಡೆಯುವ ವಿದ್ಯೆ ಕಷ್ಟದ್ದು. ವಿದ್ಯೆ ಕಲಿಯಲು ಮಿದುಳು ಬೇಕು, ವರ್ಷಗಳು ಬೇಕು. ಕಲಿತದ್ದು ಲಾಭ ಕೊಡಬೇಕಾದರೆ ಕಲಿತ ಮೇಲೆ ಬಹುಕಾಲ ಬದುಕಬೇಕು. ಹೀಗೆ ಆಯುಸ್ಸು ಮತ್ತು ಮಿದುಳು ಒಂದನ್ನೊಂದು ಮೇಲಕ್ಕೆಳೆದವು ಎಂಬುದು ಅವರ ಸಿದ್ಧಾಂತ.

ಅವರ ಅಂಕಿಗಳನ್ನು ನೋಡಿ. ಜೀವಮಾನದಲ್ಲಿ ತಿನ್ನುವ ನಿರೀಕ್ಷೆಯಿರುವ ಒಟ್ಟು ಆಹಾರದಲ್ಲಿ ಚಿಂಪಾಂಜಿ 15 ವರ್ಷಕ್ಕೆ ನೂರಕ್ಕೆ 43 ಪಾಲು ತಿಂದಿರುತ್ತದೆ, ದುಡಿಯಬೇಕಾದ ಒಟ್ಟು ಆಹಾರದಲ್ಲಿ 40 ಪಾಲು ದುಡಿದಿರುತ್ತದೆ. ಖಾತೆ ಹೆಚ್ಚುಕಡಿಮೆ ಸರಿತೂಗುತ್ತದೆ. ಬೇಟೆ-ಸಂಗ್ರಹಣೆಯ ಮನುಷ್ಯ ಅದೇ 15ಕ್ಕೆ ನೂರಕ್ಕೆ 22 ತಿಂದು, ದುಡಿದದ್ದು 4 ಮಾತ್ರ. ಇಪ್ಪತ್ತರ ಆಸುಪಾಸಿನವರೆಗೂ ಖಾತೆ ಸಾಲದಲ್ಲೇ ಇರುತ್ತದೆ. ಆಮೇಲೆ ಉಳಿತಾಯ ಏರುತ್ತ ಹೋಗಿ 45ರ ಹೊತ್ತಿಗೆ ದಿನಕ್ಕೆ ಸುಮಾರು 1,750 ಕ್ಯಾಲೊರಿಯ ಶಿಖರ ಮುಟ್ಟುತ್ತದೆ. ಮನುಷ್ಯರು ಚಿಂಪಾಂಜಿಗಳಷ್ಟೇ ಬೇಗ ಸಾಯುತ್ತಿದ್ದರೆ ಬಹುಪಾಲು ಜನ ಈ ಉಳಿತಾಯದ ವಯಸ್ಸನ್ನು ಮುಟ್ಟುತ್ತಲೇ ಇರಲಿಲ್ಲ. ಸಾಲ ಹಾಗೇ ಉಳಿಯುತ್ತಿತ್ತು, ದೊಡ್ಡ ಮಿದುಳಿನ ವಂಶ ಅಳಿಯುತ್ತಿತ್ತು.

ಬೇಟೆಯ ದಾಖಲೆಗಳು ಇದಕ್ಕೆ ಒಂದಷ್ಟು ಬೆಂಬಲ ಕೊಡುತ್ತವೆ. ಪರಾಗ್ವೆಯ ಅಚೇ ಜನರಲ್ಲಿ ಗಂಡಸರ ತೋಳ್ಬಲ ಇಪ್ಪತ್ತರ ದಶಕದಲ್ಲೇ ಶಿಖರಕ್ಕೇರುತ್ತದೆ, ಆದರೆ ಬೇಟೆಯ ಗಳಿಕೆ ಶಿಖರ ಮುಟ್ಟುವುದು ನಲವತ್ತರ ಹತ್ತಿರ. ನಡುವಿನ ಆ ಹದಿನೈದು-ಇಪ್ಪತ್ತು ವರ್ಷಗಳ ಅಂತರವನ್ನು ಸ್ನಾಯುವಿನ ಬಲದಿಂದ ವಿವರಿಸಲಾಗದು. ಬಾಣ ಬಿಡುವುದಕ್ಕಿಂತ ಪ್ರಾಣಿಯನ್ನು ಪತ್ತೆಹಚ್ಚುವುದು ಕಷ್ಟ. ಯಾವ ಹೆಜ್ಜೆ ಹಳೆಯದು, ಯಾವುದು ಹೊಸದು, ಗಾಳಿ ಎತ್ತಣದು, ಬಿಲದಲ್ಲಿರುವ ಪ್ರಾಣಿ ಯಾವ ಬಾಯಿಂದ ಹೊರಬೀಳುತ್ತದೆ ಎಂಬುದನ್ನೆಲ್ಲ ಓದಬೇಕು. ಜೆರೆಮಿ ಕೋಸ್ಟರ್ ಮತ್ತು ಅನೇಕರು ಸೇರಿ 2020ರಲ್ಲಿ 40 ಸ್ಥಳಗಳ ಸುಮಾರು 1,800 ಬೇಟೆಗಾರರ 23,000ದಷ್ಟು ಬೇಟೆಯ ದಾಖಲೆಗಳನ್ನು ಪರಿಶೀಲಿಸಿದಾಗ ಕೌಶಲದ ಶಿಖರ ಸರಾಸರಿ 30ರಿಂದ 35ರ ನಡುವೆ ಬಂತು. ಅಚೇ ಅಂಕಿಗಿಂತ ಇದು ಬೇಗ. ಆದರೂ ಬಲದ ಶಿಖರಕ್ಕಿಂತ ತಡ, ಮತ್ತು ಶಿಖರದ ನಂತರದ ಇಳಿತ ಬಹಳ ನಿಧಾನ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸಲೀಸು. ಆದರೆ "ಬಾಲ್ಯ ಉದ್ದವಾದದ್ದು ಕಲಿಯುವುದಕ್ಕಾಗಿ" ಎಂಬ ಮಾತನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಬೆಲೆಯುಳ್ಳ ಪ್ರಯೋಗ ಅದೇ. ಟಾಂಜಾನಿಯಾದ ಎಯಾಸಿ ಸರೋವರದ ಸುತ್ತ ಬೇಟೆ-ಸಂಗ್ರಹಣೆಯಿಂದ ಬದುಕುವ ಹಾದ್ಜಾ ಜನರಲ್ಲಿ ಕೆಲವು ಮಕ್ಕಳು ವರ್ಷಗಟ್ಟಲೆ ವಸತಿ ಶಾಲೆಯಲ್ಲಿದ್ದು ಬಂದಿದ್ದರು. ಕಾಡಿನ ಅನುಭವ ಅವರಿಗೆ ಅಷ್ಟು ಕಡಿಮೆ. ನಿಕೊಲಸ್ ಬ್ಲರ್ಟನ್ ಜೋನ್ಸ್ ಮತ್ತು ಫ್ರಾಂಕ್ ಮಾರ್ಲೋ ಇಬ್ಬಗೆಯವರಿಗೂ ಕೂಲಿ ಕೊಟ್ಟು ಗೆಡ್ಡೆ ಅಗೆಸಿದರು, ಗುರಿ ಇಟ್ಟು ಬಾಣ ಬಿಡಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶಾಲೆಗೆ ಹೋದವರು ಯಾವುದರಲ್ಲೂ ಹಿಂದೆ ಬಿದ್ದಿರಲಿಲ್ಲ. ಗಂಡಸರು ಗೆಡ್ಡೆ ಅಗೆಯುವ ಅಭ್ಯಾಸ ಬಹಳ ಕಡಿಮೆ ಮಾಡಿದವರು, ಆದರೂ ಹೆಂಗಸರಷ್ಟೇ ಚೆನ್ನಾಗಿ ಅಗೆದರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುತ್ತೇವೆ. ಗೆಡ್ಡೆ ಅಗೆಯುವ ಮಟ್ಟಿಗಂತೂ ಮರವಾದ ಮೇಲೂ ಬಗ್ಗಬಹುದು.

ಪರೀಕ್ಷೆಗೆ ಒಂದು ಮಿತಿಯಿದೆ. ನಿಂತ ಗುರಿಗೆ ಬಾಣ ಬಿಡುವುದು ಬೇಟೆಯ ಕೊನೆಯ ಕ್ಷಣ ಮಾತ್ರ. ಜಾಡು ಹಿಡಿಯುವ ವಿದ್ಯೆಯನ್ನು ಅದು ಅಳೆಯುವುದಿಲ್ಲ. ಆದರೂ ಇಪ್ಪತ್ತು ವರ್ಷದ ಬಾಲ್ಯ ಇಡಿಯಾಗಿ ಪಾಠಕ್ಕೆಂದೇ ಮೀಸಲಾದದ್ದು ಎಂದು ಇನ್ನು ಹೇಳುವಂತಿಲ್ಲ.

ಕ್ರಿಸ್ಟನ್ ಹಾಕ್ಸ್, ಜೇಮ್ಸ್ ಓಕಾನಲ್ ಮತ್ತು ಬ್ಲರ್ಟನ್ ಜೋನ್ಸ್ ಇದೇ ಹಾದ್ಜಾ ಜನರ ನಡುವೆ ಬೇರೊಂದು ದಾರಿ ಕಂಡರು. ನಮ್ಮಲ್ಲಿ "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯಿದೆ. ಹಾದ್ಜಾ ಅಜ್ಜಿಯರು ಅರವತ್ತರಲ್ಲಿ ದೊಣ್ಣೆ ಹಿಡಿದು, ಕಲ್ಲುನೆಲದಲ್ಲಿ ಅಡಗಿದ ಗೆಡ್ಡೆಗಳನ್ನು ಮೀಟಿ ತೆಗೆಯುತ್ತಾರೆ, ಅದೂ ಮಕ್ಕಳನ್ನು ಹೆರುವ ವಯಸ್ಸಿನವರಿಗಿಂತ ಹೆಚ್ಚು ಹೊತ್ತು. ಈ ಗೆಡ್ಡೆಗಳನ್ನು ಐದಾರು ವರ್ಷದ ಮಗು ತಾನಾಗಿ ಅಗೆಯಲಾರದು. ಸಾಮಾನ್ಯವಾಗಿ ಹಾಲು ಬಿಟ್ಟ ಮಗುವಿನ ತೂಕ ತಾಯಿಯ ಅಗೆತವನ್ನು ಅವಲಂಬಿಸಿರುತ್ತದೆ. ತಾಯಿ ಇನ್ನೊಂದು ಹೆತ್ತು ಕೂಸಿನ ಆರೈಕೆಗೆ ಕೂತಳೆಂದರೆ ಮೊದಲ ಮಗುವಿನ ತೂಕ ಅಜ್ಜಿಯ ಅಗೆತವನ್ನು ಹಿಂಬಾಲಿಸುತ್ತದೆ. ಬೇಟೆ-ಸಂಗ್ರಹಣೆಯ ಸಮುದಾಯಗಳಲ್ಲಿ ತಾಯಂದಿರು ಮೂರು-ನಾಲ್ಕು ವರ್ಷಕ್ಕೊಂದು ಹೆರಲು, ಚಿಂಪಾಂಜಿಗಳು ಐದಾರು ವರ್ಷಕ್ಕೊಂದು ಹೆರಲು ಇದು ಒಂದು ಕಾರಣ ಎಂದು ಅವರ ವಾದ.

ನಿಸರ್ಗದ ಆಯ್ಕೆಯ ಲೆಕ್ಕದಲ್ಲಿ ಇದರ ಅರ್ಥ ದೊಡ್ಡದು. ಹೆರುವುದು ನಿಂತ ಮೇಲೆ ಬದುಕಿದ್ದರೂ ಸತ್ತರೂ ಮುಂದಿನ ಪೀಳಿಗೆಗೆ ವ್ಯತ್ಯಾಸವಾಗದಿದ್ದರೆ, ಆ ವಯಸ್ಸಿನ ದೇಹವನ್ನು ಗಟ್ಟಿಯಾಗಿಡುವ ವಂಶವಾಹಿಗಳನ್ನು ಆಯ್ಕೆ ಕಾಪಾಡುವುದಿಲ್ಲ. ಅಜ್ಜಿಯ ದುಡಿಮೆಯಿಂದ ಮೊಮ್ಮಕ್ಕಳು ಉಳಿಯುತ್ತವೆ ಎಂದಾದರೆ ಕಾಪಾಡುತ್ತದೆ. ಕೈಗಾರಿಕೆ ಬರುವ ಮುಂಚಿನ ಫಿನ್ಲೆಂಡ್ ಮತ್ತು ಕೆನಡಾದ ಚರ್ಚ್ ದಾಖಲೆಗಳನ್ನು ವಿರ್ಪಿ ಲುಮ್ಮಾ ಅವರ ಗುಂಪು 2004ರಲ್ಲಿ ಲೆಕ್ಕ ಹಾಕಿದಾಗ, ಐವತ್ತರ ನಂತರ ಹೆಂಗಸೊಬ್ಬಳು ಬದುಕಿದ ಪ್ರತಿ 10 ವರ್ಷಕ್ಕೆ ಸುಮಾರು 2 ಮೊಮ್ಮಕ್ಕಳು ಹೆಚ್ಚು ಎಂದು ಬಂತು.

2012ರಲ್ಲಿ ಪೀಟರ್ ಕಿಮ್, ಜೇಮ್ಸ್ ಕಾಕ್ಸ್‌ವರ್ತ್ ಮತ್ತು ಹಾಕ್ಸ್ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿದರು. ವಾನರರ ಆಯುಸ್ಸಿನಿಂದ ಶುರುಮಾಡಿ, ಅಜ್ಜಿಯ ನೆರವೊಂದನ್ನೇ ಸೇರಿಸಿದರೆ, 60,000 ವರ್ಷಗಳ ಒಳಗೆ ಆಯುಸ್ಸು ಮನುಷ್ಯರ ಮಟ್ಟಕ್ಕೆ ಏರಿತು. ಆ ಮಾದರಿಯಲ್ಲಿ ಮಿದುಳು ಎಂಬುದೇ ಇಲ್ಲ! ಅಂದರೆ ದೊಡ್ಡ ಬುದ್ಧಿಯ ಹಂಗಿಲ್ಲದೆಯೂ ಆಯುಸ್ಸು ಏರಬಹುದು. ಹಾಗಿದ್ದರೆ ಆಯುಸ್ಸು ಮುಂದೆ ಹೋಗಿ ಮಿದುಳಿಗೆ ದಾರಿ ಮಾಡಿತೇ? ಸಾಧ್ಯ. ಆದರೆ ಮಾದರಿ ತೋರಿಸುವುದು ಹೀಗಾಗಬಹುದು ಎಂಬುದನ್ನು ಮಾತ್ರ. ಹೀಗೆಯೇ ಆಯಿತೇ ಎಂದು ತಿಳಿಯಲು ಪಳೆಯುಳಿಕೆಗಳ ಬಳಿಗೆ ಹೋಗಬೇಕು.

ಹಲ್ಲುಗಳ ಸಾಕ್ಷಿ

ಎಲುಬಿನಿಂದ ವಯಸ್ಸು ಹೇಳುವುದು ಕಷ್ಟ, ಅದರಲ್ಲೂ ನಲವತ್ತು ದಾಟಿದವರದ್ದು. ರೇಚಲ್ ಕಾಸ್ಪಾರಿ ಮತ್ತು ಸಾಂಗ್-ಹೀ ಲೀ ಹಾಗಾಗಿ ನಿಖರ ವಯಸ್ಸನ್ನು ಕೈಬಿಟ್ಟು ಒಂದು ಅನುಪಾತ ಹಿಡಿದರು. ಕೊನೆಯ ದವಡೆ ಹಲ್ಲು ಮೂಡಿದ್ದರೆ ಪ್ರಾಯಕ್ಕೆ ಬಂದ ಹಾಗೆ. ಹಲ್ಲುಗಳ ಸವೆತ ನೋಡಿ, ಆ ವಯಸ್ಸಿನ ಎರಡರಷ್ಟು ಬದುಕಿದವರನ್ನು "ಹಿರಿಯರು" ಎಂದು ಎಣಿಸಿದರು. 15ಕ್ಕೆ ಪ್ರಾಯವಾದರೆ 30ಕ್ಕೆ ಹಿರಿಯ, ಅಂದರೆ ಅಜ್ಜ ಅಥವಾ ಅಜ್ಜಿ ಆಗಬಲ್ಲ ವಯಸ್ಸು. 768 ಮಂದಿಯ ಹಲ್ಲುಗಳ ಮೇಲೆ ಮಾಡಿ 2004ರಲ್ಲಿ ಪ್ರಕಟಿಸಿದ ಆ ಎಣಿಕೆಯಲ್ಲಿ, ಕಿರಿಯ ವಯಸ್ಕರು ನೂರಿದ್ದರೆ ಹಿರಿಯರು ಆಸ್ಟ್ರಲೋಪಿತೆಕಸ್ ಎಂಬ ಸಣ್ಣ ಮಿದುಳಿನ ಪುರಾತನ ಗುಂಪಿನಲ್ಲಿ 12, ಹೋಮೋ ಎಂಬ ನಮ್ಮದೇ ಕುಲದ ಆರಂಭದವರಲ್ಲಿ 25, ನಮ್ಮ ಹತ್ತಿರದ, ಈಗ ಅಳಿದುಹೋದ ಸಂಬಂಧಿಗಳಾದ ನಿಯಾಂಡರ್ತಾಲರಲ್ಲಿ 39. ಸುಮಾರು 45,000 ವರ್ಷ ಹಿಂದೆ ಶುರುವಾದ ಯೂರೋಪಿನ ಮೇಲ್ ಶಿಲಾಯುಗದ ಆಧುನಿಕ ಮಾನವರಲ್ಲಿ ಒಮ್ಮೆಗೇ 208.

ಈ ಅಂಕಿಗಳನ್ನು ಮಿದುಳಿನ ಗಾತ್ರದ ಪಕ್ಕದಲ್ಲಿಟ್ಟು ನೋಡಿ. ನಿಯಾಂಡರ್ತಾಲರ ಮಿದುಳು ನಮ್ಮದರಷ್ಟೇ ದೊಡ್ಡದು. ಮೊರಾಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ, ಸುಮಾರು 3 ಲಕ್ಷ ವರ್ಷ ಹಿಂದಿನ ತಲೆಬುರುಡೆಗಳ ಮಿದುಳೂ ಗಾತ್ರದಲ್ಲಿ ಇಂದಿನವರದ್ದರ ಸಾಲಿಗೇ ಬರುತ್ತದೆ. ಹಿರಿಯರ ಸಂಖ್ಯೆ ಏರಿದ್ದು ಅದಕ್ಕೆ ಬಹಳ ಕಾಲದ ನಂತರ. ಎಣಿಕೆ ಸರಿಯಾಗಿದ್ದರೆ ಮಿದುಳು ಮೊದಲು ಬೆಳೆಯಿತು, ಮುಪ್ಪು ಸಾಮಾನ್ಯವಾದದ್ದು ಆಮೇಲೆ, ಅದೂ ಬಹುಶಃ ಬದುಕುವ ರೀತಿ ಬದಲಾದ್ದರಿಂದ.

ಆದರೆ ಎಣಿಕೆಯ ಮೇಲೆ ತಕರಾರಿದೆ. ಹೂಳುವ ಪದ್ಧತಿಯಿದ್ದ ಕಡೆ ಹಿರಿಯರ ಎಲುಬು ಹೆಚ್ಚು ಉಳಿಯಬಹುದು. ಗುಹೆಯಲ್ಲಿ ಸತ್ತವರು ಸಿಗುತ್ತಾರೆ, ಬಯಲಲ್ಲಿ ಸತ್ತವರು ಸಿಗುವುದಿಲ್ಲ. ಊಟದಲ್ಲಿ ಮರಳು ಹೆಚ್ಚಿದ್ದ ಗುಂಪಿನಲ್ಲಿ ಹಲ್ಲು ಬೇಗ ಸವೆಯುತ್ತದೆ. ಎರಿಕ್ ಟ್ರಿಂಕಾಸ್ 2011ರಲ್ಲಿ ನಿಯಾಂಡರ್ತಾಲರನ್ನೂ ಆರಂಭದ ಆಧುನಿಕ ಮಾನವರನ್ನೂ ಹೋಲಿಸಿದಾಗ ಕಿರಿಯ-ಹಿರಿಯರ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ 208 ಎಂಬ ಅಂಕಿಯ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ.

ಬಾಲ್ಯದ ಉದ್ದಕ್ಕೆ ಸಾಕ್ಷಿ ಇದಕ್ಕಿಂತ ಗಟ್ಟಿ. ಬೆಳೆಯುವ ಹಲ್ಲಿನ ಎನಾಮೆಲ್ ಎಂಬ ಗಟ್ಟಿ ಹೊರಪದರದಲ್ಲಿ ದಿನಕ್ಕೊಂದು ಸೂಕ್ಷ್ಮ ಗೆರೆ ಬೀಳುತ್ತದೆ, ಕೆಲವು ದಿನಗಳಿಗೊಮ್ಮೆ ದಪ್ಪ ಗೆರೆ. ಹುಟ್ಟಿದ ದಿನದ ಗುರುತೂ ಒಂದು ಗೆರೆಯಾಗಿ ಉಳಿದಿರುತ್ತದೆ. ಅಲ್ಲಿಂದ ಎಣಿಸಿದರೆ ಮಗು ಸತ್ತಾಗಿನ ವಯಸ್ಸು ಹೆಚ್ಚಿನ ನಿಖರತೆಯಲ್ಲಿ ಸಿಗುತ್ತದೆ. 1984ರಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಸಿಕ್ಕ 15 ಲಕ್ಷ ವರ್ಷ ಹಳೆಯ ಹುಡುಗನ ಎತ್ತರ ನೋಡಿದರೆ ಹನ್ನೆರಡು ದಾಟಿದವನಂತಿದ್ದ. ಹಲ್ಲಿನ ಗೆರೆಗಳು ಅವನಿಗೆ ಸುಮಾರು 8 ವರ್ಷ ಎಂದವು. ಅವನು ನಮಗಿಂತ ಬಹಳ ಬೇಗ ಬೆಳೆಯುತ್ತಿದ್ದ. ಜೆಬೆಲ್ ಇರ್ಹೂದ್‌ನ ಮಗು ಸತ್ತಾಗ ಎಂಟಕ್ಕೆ ಸ್ವಲ್ಪ ಕಡಿಮೆ, ಅದರ ಹಲ್ಲುಗಳ ಬೆಳವಣಿಗೆ ಇಂದಿನ ಎಂಟು ವರ್ಷದ ಮಕ್ಕಳಂತೆಯೇ ಇತ್ತು. ಉದ್ದ ಬಾಲ್ಯ, ದೊಡ್ಡ ಮಿದುಳು ಅಲ್ಲಿ ಜೊತೆಯಾಗಿ ಕಾಣುತ್ತವೆ.

2024ರಲ್ಲಿ ಬಂದ ಒಂದು ಅಧ್ಯಯನ ಈ ಚಿತ್ರವನ್ನು ಕದಡಿದೆ. ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸಿಕ್ಕ, ಸುಮಾರು 17 ಲಕ್ಷ 70 ಸಾವಿರ ವರ್ಷ ಹಿಂದಿನ, ಹನ್ನೊಂದರ ಆಸುಪಾಸಿನ ಒಬ್ಬ ವ್ಯಕ್ತಿಯ ಹಲ್ಲುಗಳನ್ನು ಸಿಂಕ್ರೊಟ್ರಾನ್ ಎಂಬ ಯಂತ್ರದ ಅತಿ ಪ್ರಬಲ ಎಕ್ಸ್-ರೇಯಲ್ಲಿ ನೋಡಿದಾಗ, ಮೊದಲ ಐದು ವರ್ಷ ದವಡೆ ಹಲ್ಲುಗಳು ಮನುಷ್ಯರ ಹಾಗೆ ನಿಧಾನ, ಆಮೇಲೆ ವಾನರರ ಹಾಗೆ ಅವಸರ. ದ್ಮಾನಿಸಿಯವರ ಮಿದುಳು ನಮ್ಮದರ ಅರ್ಧದಷ್ಟು, ವಾನರರದ್ದಕ್ಕಿಂತ ಸ್ವಲ್ಪವೇ ದೊಡ್ಡದು. ಮಿದುಳು ಬೆಳೆಯುವ ಮೊದಲೇ ಎಳವೆಯ ಪರಾವಲಂಬನೆ ಲಂಬಿಸಿತ್ತು ಎಂದಾಯಿತು. ಅದೇ ಜಾಗದ ಇನ್ನೊಂದು ತಲೆಬುರುಡೆ ಹಲ್ಲೆಲ್ಲ ಬಹುತೇಕ ಉದುರಿ, ಹಲ್ಲಿನ ಗುಂಡಿಗಳು ಮುಚ್ಚಿಹೋದ ಮೇಲೂ ವರ್ಷಗಟ್ಟಲೆ ಬದುಕಿದವರದ್ದು. ಅಗಿಯಲಾಗದ ಹಿರಿಯರು, ತಾವಾಗಿ ಉಣ್ಣಲಾಗದ ಎಳೆಯರು, ಎರಡೂ ಒಂದೇ ಗುಂಪಿನಲ್ಲಿ! ನಾನು ಒಂದು ಕಡೆಗೆ ವಾಲುವುದಾದರೆ ಇಲ್ಲಿಗೇ: ಊಟ ಹಂಚುವ ಗುಂಪು ಮೊದಲು ಬಂತು, ಆ ಹಂಚಿಕೆಯ ನೆರಳಲ್ಲಿ ಎಳವೆ, ಮುಪ್ಪು ಎರಡೂ ಉದ್ದವಾದವು, ಮಿದುಳು ಆ ಸಾಲವನ್ನು ಧೈರ್ಯವಾಗಿ ಎತ್ತಿತು. ಹಲ್ಲಿನ ಸಾಕ್ಷಿ ಸದ್ಯಕ್ಕೆ ಒಬ್ಬನದ್ದೇ ಎಂಬುದನ್ನು ಮರೆಯಬಾರದು.

ಬೇರೆ ಪ್ರಾಣಿಗಳನ್ನು ಕೇಳಿದರೆ

ಸಸ್ತನಿಗಳಲ್ಲಿ ದೇಹದ ಗಾತ್ರಕ್ಕೆ ಹೋಲಿಸಿ ಮಿದುಳು ದೊಡ್ಡದಿರುವ ಪ್ರಭೇದಗಳು ಹೆಚ್ಚು ಕಾಲ ಬದುಕುತ್ತವೆ. ಈ ಸಂಬಂಧ ನಿಜ, ಆದರೆ ಇದನ್ನು ಅಳೆಯುವಾಗ ಮೂರು ಕಡೆ ಕಾಲು ಜಾರುತ್ತದೆ. ದೊಡ್ಡ ಮೈಯಿದ್ದರೆ ಎರಡೂ ಹೆಚ್ಚು, ಹಾಗಾಗಿ ಮೈಯ ಪಾಲನ್ನು ಕಳೆಯಬೇಕು. ಹತ್ತಿರದ ಸಂಬಂಧಿಗಳಾದ ಹತ್ತು ಮಂಗಗಳು ಹತ್ತು ಬೇರೆಬೇರೆ ಸಾಕ್ಷಿಗಳಲ್ಲ, ವಂಶವೃಕ್ಷವನ್ನು ಲೆಕ್ಕಕ್ಕೆ ತರಬೇಕು. ಮೂರನೆಯದು ಸುಲಭಕ್ಕೆ ಕಣ್ಣಿಗೆ ಬೀಳದ್ದು: ಗರಿಷ್ಠ ಆಯುಸ್ಸಿನ ದಾಖಲೆಗಳು ಹೆಚ್ಚಾಗಿ ಮೃಗಾಲಯದವು. ಸಾವಿರ ಪ್ರಾಣಿ ಸಾಕಿದ ಪ್ರಭೇದದಲ್ಲಿ ಒಂದಾದರೂ ಅತಿ ಮುದಿ ಸಿಗುತ್ತದೆ, ಹತ್ತು ಸಾಕಿದ್ದರಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿಯುವುದಿಲ್ಲ. ಬುದ್ಧಿವಂತ ಪ್ರಾಣಿ ಅಪಾಯ ತಪ್ಪಿಸಿಕೊಂಡು ಹೆಚ್ಚು ಬದುಕಬಹುದು. ಆಮೆ ನೂರು ವರ್ಷ ದಾಟುತ್ತದೆ, ಅದರ ಮಿದುಳು ಸಣ್ಣದು. ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ, ಒಗಟು ಬಿಡಿಸುತ್ತದೆ, ಆದರೆ ಹೆಚ್ಚಿನ ಜಾತಿಗಳು ಒಂದೆರಡು ವರ್ಷದಲ್ಲೇ ಸಾಯುತ್ತವೆ. ದೀರ್ಘಾಯುಸ್ಸು ಬುದ್ಧಿಗೆ ಅನಿವಾರ್ಯವೂ ಅಲ್ಲ, ಸಾಕಾಗುವಂಥದ್ದೂ ಅಲ್ಲ.

ನಮಗೆ ಹೆಚ್ಚು ಕಲಿಸುವುದು ಆನೆ. ಟಾಂಜಾನಿಯಾದ ತರಂಗೀರೆಯಲ್ಲಿ 1993ರ ಬರಗಾಲದಲ್ಲಿ ಒಂಬತ್ತು ತಿಂಗಳಿಗೆ 81 ಮರಿಗಳಲ್ಲಿ 16 ಸತ್ತವು. ಉದ್ಯಾನ ಬಿಟ್ಟು ಹೊರಗೆ ನೀರು-ಮೇವು ಹುಡುಕಿ ಹೋದ ಗುಂಪುಗಳಲ್ಲಿ ಸಾವು ಕಡಿಮೆ, ಅಲ್ಲೇ ಉಳಿದ ಗುಂಪಿನಲ್ಲಿ ಹೆಚ್ಚು. ಹೊರಗೆ ಹೋದ ಗುಂಪುಗಳಲ್ಲಿ 1958–61ರ ಬರವನ್ನು ಕಂಡಿರಬಹುದಾದಷ್ಟು ವಯಸ್ಸಾದ ಹೆಣ್ಣಾನೆಗಳಿದ್ದವು. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿರುವ ಏಷ್ಯಾದ ಆನೆಯದ್ದೇ ಜಾತಿಗೆ ಸೇರಿದ ಮ್ಯಾನ್ಮಾರ್‌ನ ಮರ ಎಳೆಯುವ ಆನೆಗಳಲ್ಲಿ, ತಾಯಿ ಇಪ್ಪತ್ತರೊಳಗಿನವಳಾಗಿದ್ದು ಅಜ್ಜಿ ಜೊತೆಗಿದ್ದರೆ ಮರಿ ಸಾಯುವ ಅಪಾಯ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆನೆಗೆ ನಮ್ಮ ಹಾಗೆ ಊಟ ತಂದು ಹಂಚುವ ಪದ್ಧತಿಯಿಲ್ಲ. ಅಲ್ಲಿ ಹಿರಿಯರಿಂದ ಸಿಗುವುದು ನೆನಪು ಮತ್ತು ರಕ್ಷಣೆ.

ಇನ್ನು ಎಣಿಸಬೇಕಾದ ಉಂಗುರಗಳು

ಎನಾಮೆಲ್ ಬಾಲ್ಯವನ್ನು ಬರೆದಿಡುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಹಲ್ಲಿನ ಬೇರನ್ನು ದವಡೆಗೆ ಅಂಟಿಸುವ ಸಿಮೆಂಟಮ್ ಎಂಬ ಪದರ ಮಾತ್ರ ಸಾಯುವವರೆಗೂ ಬೆಳೆಯುತ್ತದೆ, ವರ್ಷಕ್ಕೊಂದು ತಿಳಿ ಮತ್ತೊಂದು ಗಾಢ ಉಂಗುರದಂತೆ. ಉಂಗುರಗಳನ್ನು ಎಣಿಸಿ, ಆ ಹಲ್ಲು ಮೂಡುವ ವಯಸ್ಸನ್ನು ಕೂಡಿಸಿದರೆ ಸತ್ತಾಗಿನ ವಯಸ್ಸು ಸಿಗುತ್ತದೆ. ಒಂದು ಉಂಗುರ ಎರಡಾಗಿ ಸೀಳಿಕೊಂಡರೆ ಎಣಿಕೆ ಹೆಚ್ಚಾಗುತ್ತದೆ, ಮುಪ್ಪಿನಲ್ಲಿ ಉಂಗುರಗಳು ಒತ್ತಾಗಿ ಬಿದ್ದರೆ ಕಡಿಮೆಯಾಗುತ್ತದೆ, ಮಣ್ಣಿನ ಖನಿಜಗಳು ಹೊಕ್ಕರೆ ಅಳಿಸಿಯೇ ಹೋಗಬಹುದು. ಹಾಗಾಗಿ ಒಂದೇ ಕಡೆ ಎಣಿಸದೆ ಬೇರಿನ ಹಲವು ಭಾಗಗಳಲ್ಲಿ ಎಣಿಸಿ ತಾಳೆ ನೋಡಬೇಕು.

ವಿಧಾನ ಎಷ್ಟು ಹಿಂದಕ್ಕೆ ಹೋಗಬಲ್ಲುದು ಎಂಬುದಕ್ಕೆ 2020ರಲ್ಲಿ ಪುರಾವೆ ಸಿಕ್ಕಿತು. ಸುಮಾರು 20 ಕೋಟಿ ವರ್ಷ ಹಿಂದಿನ, ಮೂಗಿಲಿಯಷ್ಟು ಚಿಕ್ಕದಾದ ಮಾರ್ಗನುಕೊಡಾನ್ ಎಂಬ ಪ್ರಾಣಿಯ ಹಲ್ಲುಗಳಲ್ಲಿ 14 ವರ್ಷದವರೆಗಿನ ಉಂಗುರಗಳು ಎಣಿಕೆಗೆ ಸಿಕ್ಕವು. ಅಂಥ ಸಣ್ಣ ಮಿದುಳಿಗೆ ಅಷ್ಟು ದೊಡ್ಡ ಆಯುಸ್ಸು! 20 ಕೋಟಿ ವರ್ಷದ ಹಲ್ಲಿನಲ್ಲಿ ಓದಬಹುದಾದದ್ದನ್ನು 17 ಲಕ್ಷ ವರ್ಷದ ಹಲ್ಲಿನಲ್ಲೂ ಓದಬಹುದು. ದ್ಮಾನಿಸಿ ಮತ್ತು ತುರ್ಕಾನಾ ಕಾಲದ ಸಾಕಷ್ಟು ಹಲ್ಲುಗಳಲ್ಲಿ ಐವತ್ತು, ಅರವತ್ತರ ಉಂಗುರಗಳು ಕಂಡರೆ ಹಾಕ್ಸ್ ಹೇಳುವ ಅಜ್ಜಿಯರು ಮಿದುಳಿಗಿಂತ ಮುಂಚೆ ಬಂದವರು. ಮೂವತ್ತೈದಕ್ಕೇ ಎಲ್ಲ ಉಂಗುರಗಳೂ ನಿಂತಿದ್ದರೆ ಆ ಉದ್ದ ಎಳವೆಯ ಖರ್ಚನ್ನು ಹೊತ್ತವರು ತಾಯಂದಿರು, ಅಕ್ಕಂದಿರು, ಗುಂಪಿನ ಇತರ ಪ್ರಾಯದವರು, ಮತ್ತು ಕ್ಯಾಪ್ಲನ್ ಅವರ ಸಾಲದ ಪುಸ್ತಕವನ್ನು ಮೊದಲ ಪುಟದಿಂದ ತಿದ್ದಬೇಕಾಗುತ್ತದೆ.